ಡಬ್ಬಿಯೊಳಗೆ ಕೂತ ನನ್ನ ಸುಳ್ಳು

ಭಯ ಅಂದರೇನು ಎಂದು ನನಗೆ ತಿಳಿದದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಹರಿಹರದ ಒಂದು ವರ್ಕ್‌ಶಾಪಿನಲ್ಲಿ, ಊಟದ ಡಬ್ಬಿಯಷ್ಟೇ ಗಾತ್ರದ ಒಂದು ಕರೆಂಟಿನ ಡಬ್ಬಿಯ ಮುಂದೆ. ಅಲ್ಲಿಯವರೆಗೆ ಹೆದರಿಸುವುದು ನನ್ನ ಕೆಲಸವಾಗಿತ್ತು, ಹೆದರುವುದು ಬೇರೆಯವರದು. ಮಂಡಕ್ಕಿ ಹುರಿಯುತ್ತಿದ್ದದ್ದು ಹೊಟ್ಟೆಪಾಡಿಗೆ, ಕೀಟಲೆ ಮಾಡುತ್ತಿದ್ದದ್ದು ಜೀವ ಹಗುರವಾಗಲಿ ಎಂದು. ಎರಡರಲ್ಲೂ ದಾವಣಗೆರೆಯಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನಮ್ಮ ಸಾಲಿನ ಜನರಿಗೆ ಹೊಟ್ಟೆಕಿಚ್ಚು ಜಾಸ್ತಿ.

ನಮ್ಮ ಸಾಲು ಎಂದರೆ ಮಂಡಕ್ಕಿ ಭಟ್ಟಿಗಳ ಸಾಲು. ತಗಡಿನ ಶೆಡ್ಡುಗಳು ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತಿವೆ. ಕೆಳಗೆ ಒಲೆ, ಒಲೆಗೆ ಭತ್ತದ ಹೊಟ್ಟು, ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯ ತುಂಬ ಮರಳು. ಮರಳು ಕಾದ ಮೇಲೆ ಉಪ್ಪುನೀರು ಹಚ್ಚಿ ಒಣಗಿಸಿದ ಅಕ್ಕಿಯನ್ನು ಅದರೊಳಗೆ ಹಾಕಿ ತಿರುವಿದರೆ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೇಳುವುದಕ್ಕೆ ಇಷ್ಟೇ. ಆದರೆ ಮರಳಿನ ಹದ ತಿಳಿಯುವುದಿದೆಯಲ್ಲ, ಅದು ಕೈಗೆ ಬರಲು ನನಗೆ ಹತ್ತು ವರ್ಷ ಬೇಕಾಯಿತು. ಹಿಡಿ ಅಕ್ಕಿ ಎಸೆಯಬೇಕು, ಮನಸ್ಸಿನಲ್ಲಿ ಎಣಿಸಬೇಕು. ಮೂರಕ್ಕೆ ಅರಳಿದರೆ ಹದ. ಐದಕ್ಕೆ ಹೋದರೆ ಬೆಂಕಿ ಸಾಲದು. ಒಂದಕ್ಕೇ ಅರಳಿತೋ, ಇರುವ ಕೆಲಸ ಬಿಟ್ಟು ಒಲೆಯ ಬೆಂಕಿ ಎಳೆಯಬೇಕು.

ಆ ಒಂದನ್ನು ನಾನು ಜೀವಮಾನದಲ್ಲಿ ಒಮ್ಮೆ ಎಣಿಸಿದ್ದೇನೆ. ಮೀಸೆ ಆಗಷ್ಟೇ ಚಿಗುರಿದ್ದ ಕಾಲ. ಆನೆಕೊಂಡದ ಕಡೆಯ ಒಂದು ಶೆಡ್ಡಿನಲ್ಲಿ ನಾನು, ನನ್ನ ಗೆಳೆಯ ಇಬ್ಬರೂ ಕೂಲಿಗಿದ್ದೆವು. ಹೊಟ್ಟು ಹಸಿಯಾಗಿದೆ ಎಂದು ಯಾರೋ ಒಣ ಕಟ್ಟಿಗೆ ತುರುಕಿದ್ದರು. ನಾನು ಹಿಡಿ ಎಸೆದೆ. ಒಂದಕ್ಕೇ ಚಟಪಟ ಅಂದಿತು. ಬಾಯಿ ತೆರೆದು ಹೇಳುವಷ್ಟರಲ್ಲಿ ಅವನು ಬಗ್ಗಿ ಮೊರದ ತುಂಬ ಅಕ್ಕಿ ಸುರಿದಾಗಿತ್ತು. ಅಕ್ಕಿಯ ಜೊತೆಗಿದ್ದ ತೌಡು ಭುಗ್ ಎಂದು ಹೊತ್ತಿ ಮುಖಕ್ಕೇ ಎದ್ದಿತು. ಅವನ ಎಡಗಣ್ಣು ಹೋಯಿತು. ಅವನನ್ನು ಎಳೆಯಲು ಹೋದ ನನ್ನ ಮೊಣಕೈ ಕೆಳಗೆ ಇವತ್ತಿಗೂ ಒಂದು ಸುಟ್ಟ ಕಲೆಯಿದೆ. ಯಾರಾದರೂ ಕೇಳಿದರೆ ಚಿರತೆ ಪರಚಿತು ಎನ್ನುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಾಲಿನ ಹೊಗೆಯ ಬಗ್ಗೆ ಊರಲ್ಲಿ ತಕರಾರು ಜೋರಾಯಿತು. ಊರಿನವರು ಕೂಗುವುದಕ್ಕೂ ಮೊದಲೇ ನನ್ನ ಸೊಸೆ ಕೂಗುತ್ತಿದ್ದಳು. ಮಗ ಮಂಡಕ್ಕಿ ಚೀಲ ಹೇರಿಕೊಂಡು ಸಂತೆ ಸಂತೆ ತಿರುಗುವವನು; ಭಟ್ಟಿಯ ಮುಂದೆ ನಿಲ್ಲುವವಳು ಅವಳೇ. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಕೆಮ್ಮು. ಆಸ್ಪತ್ರೆಯಲ್ಲಿ ಹೊಗೆ ಬಿಡಿ ಎಂದರಂತೆ. ‘ನಾನೇನು ಬೀಡಿ ಸೇದ್ತೀನೇನ್ರಿ ಬಿಡಾಕೆ?’ ಎಂದು ಡಾಕ್ಟರನ್ನೇ ಕೇಳಿ ಬಂದಿದ್ದಳು. ನನ್ನ ಸೊಸೆಗೆ ನಾಲಿಗೆ ನನ್ನಷ್ಟೇ ಉದ್ದ. ಅದೊಂದು ಹೆಮ್ಮೆ ನನಗೆ.

ಆಗ ಬಂದವಳು ಮೇಡಂ. ಇಲ್ಲಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಸಂಶೋಧನೆಯನ್ನೂ ಮಾಡುತ್ತಿದ್ದ ಹುಡುಗಿ. ಕುಕ್ಕುವಾಡದ ರೈತರ ಮಗಳು, ಇರುವುದು ವಿದ್ಯಾನಗರದ ಬಾಡಿಗೆ ರೂಮಿನಲ್ಲಿ. ಹೊಗೆ ಕಾರದ ಭಟ್ಟಿಯೊಲೆ ಮಾಡುವುದೇ ಅವಳ ವಿಷಯ. ಒಂದು ದಿನ ಅವಳು, ಅವಳ ಹಿರಿಯ ಪ್ರೊಫೆಸರು, ಹರಿಹರದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಒಬ್ಬ ಸಾಹೇಬರು, ಮೂವರೂ ನಮ್ಮ ಸಾಲಿಗೆ ಬಂದು ಚಾಪೆಯ ಮೇಲೆ ಕೂತರು. ಭಟ್ಟಿಯವರು ಒಲೆ ಉರಿಸುವ ವಿದ್ಯೆ ಕೊಡಬೇಕು, ಕಾಲೇಜಿನವರು ಅಳೆದು ನಕ್ಷೆ ಬರೆಯಬೇಕು, ಸಾಹೇಬರು ಕಬ್ಬಿಣ ಕತ್ತರಿಸಿ ಒಲೆ ಮಾಡಬೇಕು. ಸರ್ಕಾರದ ಯಾವುದೋ ಯೋಜನೆ ಬೆನ್ನಿಗಿದೆ ಎಂದು ಮಾತಾಯಿತು. ‘ಇಲ್ಲಿ ಆಗಿದ್ದು ಇಲ್ಲಿಗೇ ನಿಲ್ಲಲ್ಲ. ದೇಶದಾಗೆ ಮಂಡಕ್ಕಿ ಹುರಿಯೋರು ಎಲ್ಲೆಲ್ಲಿ ಅದಾರೋ ಅಲ್ಲೆಲ್ಲ ಹೋಗುತ್ತೆ’ ಎಂದರು ಪ್ರೊಫೆಸರು.

ನಾನು ಅಲ್ಲೇ ಎದ್ದು ನಿಂತು ಒಂದು ಷರತ್ತು ಹಾಕಿದೆ. ನಮ್ಮಲ್ಲಿ ಹೊಸ ಒಲೆಗೆ ಮೊದಲ ಅಕ್ಕಿ ಬೀಳುವುದು ನಮ್ಮ ಸಾಲಿನ ನೆಲದಲ್ಲೇ, ಮನೆಯ ಹೆಣ್ಣುಮಗಳ ಕೈಯಿಂದಲೇ. ‘ಹರಿಹರದಾಗೆ ಏನು ಬೇಕಾದ್ರೂ ಕಾಸ್ಕಳ್ರಿ, ಬರೀ ಮರಳು ಕಾಸ್ರಿ. ಒಂದು ಕಾಳು ಅಕ್ಕಿ ಮಾತ್ರ ಅಲ್ಲಿ ಬೀಳಂಗಿಲ್ಲ. ಮೊದಲ್ನೇ ಮೊರ ನನ್ನ ಸೊಸೇನೇ ಸುರೀಬೇಕು’ ಎಂದೆ. ಎಲ್ಲರೂ ತಲೆಯಾಡಿಸಿದರು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮಾತಾಡಿದ ಬಾಯಿಗೆ ಆಮೇಲೆ ನಾನೇ ಎಷ್ಟು ಸಲ ಶಾಪ ಹಾಕಿದ್ದೇನೋ.

ಮೇಡಂ ಅಳೆಯಲು ಶುರು ಮಾಡಿದಳು. ನನ್ನ ಭಟ್ಟಿ ಸೇರಿ ಮೂರು ಭಟ್ಟಿಗಳನ್ನು ಆರಿಸಿದ್ದಳು. ಉದ್ದನೆಯ ವೈರು, ವೈರಿನ ತುದಿಗೆ ಗೇಣುದ್ದದ ಉಕ್ಕಿನ ಕಡ್ಡಿ, ಇನ್ನೊಂದು ತುದಿಗೆ ಬಿಸಿ ಎಷ್ಟೆಂದು ಅಂಕಿಯಲ್ಲಿ ತೋರಿಸುವ ಮೀಟರು. ಕಡ್ಡಿಯನ್ನು ಮರಳಿನ ನಡುವೆ ಚುಚ್ಚಿ ಮೀಟರಿನಲ್ಲಿ ಬಂದದ್ದನ್ನು ಬರೆದುಕೊಳ್ಳುತ್ತಿದ್ದಳು. ಮೊದಲ ದಿನವೇ ನಾನು ಅವಳ ಕೈಗೆ ಒಂದು ಕೊಡೆ ಕೊಟ್ಟು, ‘ಅಕ್ಕಿ ಹಾರಿ ತಲೆಮ್ಯಾಲೆ ಬೀಳ್ತಾವೆ, ಕೂದ್ಲು ಸುಡ್ತಾವೆ, ಬಿಚ್ಕಳವ್ವಾ’ ಎಂದಿದ್ದೆ. ಪಾಪದ ಹುಡುಗಿ ಮಧ್ಯಾಹ್ನದವರೆಗೆ ಶೆಡ್ಡಿನೊಳಗೆ ಕೊಡೆ ಬಿಚ್ಚಿಕೊಂಡು ನಿಂತಿದ್ದಳು. ಸಾಲಿಗೆ ಸಾಲೇ ಬಂದು ನೋಡಿ ಹೋಯಿತು.

ಕೊಡೆಯ ಮಟ್ಟಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೇರೆ ಎರಡು ಭಟ್ಟಿಗಳಲ್ಲಿ ಅಂಕಿ ಇನ್ನೂರೈವತ್ತರ ಆಸುಪಾಸು ಬಂದಿತ್ತು. ನನ್ನಲ್ಲೂ ಅಷ್ಟೇ ಬಂದರೆ ನನಗೂ ಅವರಿಗೂ ಏನು ವ್ಯತ್ಯಾಸ? ಅವಳು ಪುಸ್ತಕದ ಕಡೆ ತಿರುಗಿದಾಗ, ಮರಳು ತಿರುವುವ ನೆಪದಲ್ಲಿ ಕಡ್ಡಿಯನ್ನು ಮೆಲ್ಲಗೆ ಒತ್ತಿ ಬಾಣಲೆಯ ತಳಕ್ಕೆ ಮುಟ್ಟಿಸಿದೆ. ಕೆಳಗೆ ನೇರ ಬೆಂಕಿ. ಅಂಕಿ ಏರಿತು, ಏರಿತು, ಮುನ್ನೂರೈವತ್ತಕ್ಕೆ ಹೋಗಿ ನಿಂತಿತು.

‘ಅಜ್ಜಾರೇ! ಇದು ಹೆಂಗೆ?’ ಎಂದು ಮೇಡಂ ಕಣ್ಣಗಲಿಸಿದಳು.

‘ನಂದು ಅಂದ್ರೆ ಏನು ಅಂದ್ಕಂಡೆವ್ವಾ? ನಮ್ಮ ತಾತನ ಕಾಲದ ಬೆಂಕಿ ಇದು. ಅವರೆಲ್ಲ ಮಂಡಕ್ಕಿ ಹುರಿಯಲ್ಲ, ಬಿಸ್ಲಿಗೆ ಒಣಗಿಸ್ತಾರೆ’ ಎಂದೆ.

ಅವಳು ನಂಬಲಿಲ್ಲ. ಬುದ್ಧಿವಂತೆ. ಮತ್ತೆರಡು ದಿನ ಬಂದು ಅಳೆದಳು. ನಾನೂ ಬಿಡದೆ ಮತ್ತೆರಡು ದಿನ ಒತ್ತಿದೆ. ಮೂರು ದಿನವೂ ಅದೇ ಅಂಕಿ. ಅಷ್ಟಕ್ಕೂ ನನ್ನ ಮಂಡಕ್ಕಿ ಸಾಲಿನಲ್ಲೇ ದೊಡ್ಡದು, ಹಗುರ, ಬೆಳ್ಳಗೆ, ಅದು ಸುಳ್ಳಲ್ಲ. ಆ ಚಂದಕ್ಕೆ ಈ ಬೆಂಕಿಯೇ ಕಾರಣ ಎಂದು ಅವಳು ತೀರ್ಮಾನಿಸಿದಳು. ಕಾಲೇಜಿನ ಒಂದು ಸಭೆಯಲ್ಲಿ ದೊಡ್ಡ ಹಾಳೆಯ ಮೇಲೆ ನನ್ನ ಭಟ್ಟಿಯ ಅಂಕಿಯನ್ನು ಕೆಂಪು ಬಣ್ಣದಲ್ಲಿ ಬರೆದು ತೂಗುಹಾಕಿದ್ದರು. ನನಗೆ ಹಾರ ಹಾಕಿದರು. ಆ ಹಾರವನ್ನು ಕೊರಳಲ್ಲೇ ಇಟ್ಟುಕೊಂಡು ಚಹದಂಗಡಿಗೆ ಹೋಗಿ, ತಿಂಗಳುಗಟ್ಟಲೆ ಅದರ ಮೇಲೆ ಕೊಚ್ಚಿಕೊಂಡೆ. ಅಂಕಿ ಹಾಳೆಯ ಮೇಲಿದೆ, ಹಾಳೆ ಗೋಡೆಯ ಮೇಲಿದೆ, ಅದರಿಂದ ಯಾರಿಗೇನು ಎಂದೇ ತಿಳಿದಿದ್ದೆ.

ವರ್ಷ ಕಳೆದ ಮೇಲೆ ಸಾಹೇಬರಿಂದ ಫೋನು ಬಂತು. ಒಲೆ ತಯಾರಾಗಿದೆ, ಎರಡು ದಿನ ಬಿಟ್ಟು ದಾವಣಗೆರೆಗೆ ತರುತ್ತೇವೆ, ಬೆಂಗಳೂರಿನಿಂದ ಯೋಜನೆಯವರು ನೋಡಲು ಬರುತ್ತಾರೆ, ಅದಕ್ಕೂ ಮೊದಲು ನಿಮ್ಮ ಸೊಸೆ ಬಂದು ಕೈ ಪಳಗಿಸಿಕೊಳ್ಳಲಿ. ಮಾವ ಸೊಸೆ ಇಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು.

ಒಲೆ ಚೆನ್ನಾಗಿತ್ತು. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಕೆಳಗೆ ಮುಚ್ಚಿದ ಬೆಂಕಿಗೂಡು, ಹೊಗೆ ಹೋಗಲು ಉದ್ದನೆಯ ಕೊಳವೆ, ಬೆಂಕಿಗೆ ಗಾಳಿ ಊದಲು ಫ್ಯಾನು. ಮೇಲೆ ಮರಳು ತುಂಬಿದ, ಕೈಹಿಡಿಯಿಂದ ತಿರುಗಿಸುವ ಕಬ್ಬಿಣದ ಪೀಪಾಯಿ. ಪೀಪಾಯಿಗೆ ಮುಂದೊಂದೇ ಬಾಯಿ. ಅಕ್ಕಿ ಅದರಲ್ಲೇ ಹಾಕಬೇಕು, ಮಂಡಕ್ಕಿ ಅದರಲ್ಲೇ ಬರಬೇಕು. ಸೊಸೆ ಹೋಗಿ ಆ ಬಾಯಿಯ ಮುಂದೆ ನಿಂತಳು. ಅವಳ ಎತ್ತರಕ್ಕೆ ಸರಿಯಾಗಿ ಮಾಡಿದ್ದರು. ಬಾಯಿ ಸರಿಯಾಗಿ ಅವಳ ಮುಖಕ್ಕಿತ್ತು.

‘ನೋಡ್ರಿ ಮಾವಾ, ಹೊಗೇನೇ ಇಲ್ಲ! ಸೀರೆ ಉಟ್ಕಂಡು ಮದುವೆಗೆ ಹೋದಂಗೆ ನಿಂತೀನಿ’ ಎಂದು ಖುಷಿಯಿಂದ ಕೈಹಿಡಿ ತಿರುಗಿಸಿದಳು.

ಸಾಹೇಬರು ಪಕ್ಕದಲ್ಲಿದ್ದ ಕರೆಂಟಿನ ಡಬ್ಬಿಯನ್ನು ತಟ್ಟಿದರು. ‘ಅಸಲಿ ಮಾಲು ಇದು ಅಜ್ಜಾರೇ. ಇನ್ಮ್ಯಾಲೆ ಯಾರೂ ಬೆಂಕಿ ಕಾಯಂಗಿಲ್ಲ. ಇದ್ರೊಳಗೆ ನಿಮ್ಮ ನಂಬರ್ ಕೂಡ್ಸೀವಿ. ಆ ನಂಬರ್ ಬರೋತನಕ ಫ್ಯಾನ್ ಊದ್ತಾನೇ ಇರ್ತೈತೆ. ಬಂದ ಮ್ಯಾಲೆ ತಾನೇ ಬಂದ್.’

‘ಯಾವ ನಂಬರ್?’ ಎಂದೆ. ಯಾವುದೆಂದು ಕೇಳುವಾಗಲೇ ನನಗೆ ಗೊತ್ತಾಗಿತ್ತು.

‘ನಿಮ್ದೇ! ಮುನ್ನೂರೈವತ್ತು. ಮತ್ತ್ಯಾರದು?’

‘ಕಡ್ಡಿ ಎಲ್ಲಿಟ್ಟೀರಿ?’

‘ಮರಳಿನ ನಟ್ಟನಡುವೆ. ವೆಲ್ಡ್ ಹೊಡೆದು ಕೂಡ್ಸೀನಿ. ಯಾರ ಕೈಗೂ ಅಲ್ಲಾಡಲ್ಲ.’

ಬಾಣಲೆಯ ತಳದ ಬಿಸಿಯನ್ನು ಇವರು ಮರಳಿನ ಬಿಸಿ ಎಂದು ಬರೆದುಕೊಂಡಿದ್ದಾರೆ. ಮರಳೇ ಅಷ್ಟು ಕಾಯುವವರೆಗೆ ಈ ಫ್ಯಾನು ನಿಲ್ಲುವುದಿಲ್ಲ. ಹಿಡಿ ಅಕ್ಕಿ ಹಾಕಿ ನೋಡಿದ್ದರೆ ಇವರಿಗೇ ತಿಳಿಯುತ್ತಿತ್ತು, ಅದನ್ನೂ ನನ್ನ ಷರತ್ತೇ ತಡೆದಿತ್ತು. ಅಂಥ ಮರಳಿಗೆ ಮೊರದ ತುಂಬ ಅಕ್ಕಿ ಬಿದ್ದರೆ ಎಣಿಸುವುದಕ್ಕೆ ಒಂದೂ ಇರುವುದಿಲ್ಲ. ಆನೆಕೊಂಡದ ಬಾಣಲೆಗಾದರೂ ಮೇಲೆ ಬಯಲಿತ್ತು, ಬೆಂಕಿ ಅರ್ಧ ಅತ್ತ ಇತ್ತ ಚೆಲ್ಲಿತು. ಇಲ್ಲಿ ಬೆಂಕಿಗೆ ಹೊರಗೆ ಬರಲು ಒಂದೇ ದಾರಿ. ಆ ದಾರಿಯಲ್ಲಿ ನನ್ನ ಸೊಸೆಯ ಮುಖ.

ಅವಳು ಇನ್ನೂ ನಗುತ್ತ ಕೈಹಿಡಿ ತಿರುಗಿಸುತ್ತಿದ್ದಳು. ಆ ಮುಖದಲ್ಲಿ ನನಗೆ ಒಂದು ಕ್ಷಣ ಎಡಗಣ್ಣು ಕಾಣಲಿಲ್ಲ.

ಅಲ್ಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ವರ್ಕ್‌ಶಾಪಿನ ಎಂಟು ಹತ್ತು ಜನ ‘ಬೆಂಕಿ ಅಜ್ಜ ಬಂದಾರೆ’ ಎಂದು ಕೆಲಸ ಬಿಟ್ಟು ನೋಡಲು ಬಂದಿದ್ದರು. ಎಲ್ಲರೆದುರು ನನ್ನ ಹಾರ ನಾನೇ ಹರಿದುಕೊಳ್ಳುವುದಕ್ಕೆ ನಾಚಿಕೆ. ಭಯ ನಾಚಿಕೆಗಿಂತ ದೊಡ್ಡದು ಎಂದು ಆಗ ತಿಳಿಯಲಿಲ್ಲ. ಬಸ್ಸು ಹತ್ತಿದ ಮೇಲೆ ತಿಳಿಯಿತು. ದಾರಿಯ ನಡುವಿನ ದೊಡ್ಡಬಾತಿ ಊರು ದಾಟುವವರೆಗೂ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಕೊನೆಗೆ ಸೊಸೆಗೆ ಹೇಳಿದೆ.

‘ಏ ಇವಳೇ, ಆ ನಂಬರ್ ಸುಳ್ಳು. ನಾನೇ ಕಡ್ಡಿ ಒತ್ತಿದ್ದೆ. ನಾಡಿದ್ದು ನೀನು ಅಲ್ಲಿ ನಿಂದ್ರಬ್ಯಾಡ.’

ಅವಳು ಕಿಟಕಿಯ ಕಡೆಯಿಂದ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ‘ಹೋದ ಸಲ ಅಕ್ಕಿ ಚೀಲದಾಗೆ ನಾಗರಹಾವು ಐತೆ ಅಂದ್ರಿ. ಸೈಕಲ್ ಟ್ಯೂಬ್ ಇತ್ತು. ಅದಕ್ಕೂ ಮೊದ್ಲು ನಮ್ಮಪ್ಪ ಆಸ್ಪತ್ರೆಗೆ ಸೇರ್ಯಾನೆ ಅಂದ್ರಿ. ನಾನು ಅಳ್ತಾ ಓಡಿದ್ರೆ ನಮ್ಮಪ್ಪ ಹೋಟ್ಲಾಗೆ ಕೂತು ಬೆಣ್ಣೆದೋಸೆ ತಿಂತಿದ್ದ. ಇದು ಎಷ್ಟನೇದು ಮಾವಾ?’

‘ದೇವ್ರಾಣೆ.’

‘ಹಾವಿಗೂ ದೇವ್ರಾಣೆ ಮಾಡಿದ್ರಿ.’

ಮಾಡಿದ್ದೆ, ನಿಜ. ಕಂಡಕ್ಟರು ಕೂಡ ನಕ್ಕ.

ಮರುದಿನ ಬೆಳಿಗ್ಗೆ ವಿದ್ಯಾನಗರಕ್ಕೆ ಹೋಗಿ ಮೇಡಂ ರೂಮಿನ ಮುಂದೆ ನಿಂತೆ. ಅವಳು ಸ್ಕೂಟರ್ ಹೊರಗೆ ತೆಗೆಯುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಕೈಯಲ್ಲಿ ಕಾಗದದ ಕಟ್ಟು. ನಾಲ್ಕು ವರ್ಷದ ಕೆಲಸ ಅದು, ನಾಳೆ ಬರುವವರ ಮುಂದೆ ಇಡುವುದಕ್ಕೆ. ಹೇಗೆ ಒತ್ತಿದೆ, ಯಾವಾಗ ಒತ್ತಿದೆ, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಬಿಳುಚಿತು. ನಂಬಿದಳು ಎಂದು ಎದೆ ಹಗುರಾಯಿತು. ಅಷ್ಟರಲ್ಲಿ ಅವಳು ಫೋನು ತೆಗೆದು ನನ್ನ ಸೊಸೆಗೆ ಹಚ್ಚಿದಳು. ಆ ಕಡೆಯ ಧ್ವನಿ ನನಗೂ ಕೇಳಿಸುತ್ತಿತ್ತು: ‘ಅಯ್ಯೋ ಮೇಡಂ, ನಿನ್ನೆಯಿಂದ ನನಗೂ ಅದೇ ಹೇಳ್ತಾ ಅದಾರೆ. ನಿಮ್ಮನ್ನ ಹೆದರ್ಸಾಕೆ ಅಲ್ಲಿಗಂಟ ಬಂದಾರಾ? ಅವರ ಮಾತು ತಗೋಬ್ಯಾಡ್ರಿ.’

ಮೇಡಂ ಉಸಿರು ಬಿಟ್ಟು ನಕ್ಕಳು. ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ. ‘ಅಜ್ಜಾರೇ, ಇವತ್ತೊಂದಿನ ಬ್ಯಾಡ. ನನ್ನ ಎದೆ ಮೊದಲೇ ಹೊಡ್ಕಂತೈತೆ. ಮೂರು ದಿನ ಅಳೆದೀನಿ ನಾನು. ಮೂರು ದಿನನೂ ಒಂದೇ ಬಂದೈತೆ.’

‘ಮೂರು ದಿನನೂ ನಾನೇ ಇದ್ನಲ್ಲವ್ವಾ!’

‘ಕೊಡೆ ಹಿಡಿಸಿದ್ರಲ್ಲ, ಅವತ್ತೂ ಹಿಂಗೇ ಮುಖ ಮಾಡ್ಕಂಡಿದ್ರಿ’ ಎಂದು ಸ್ಕೂಟರ್ ಹತ್ತಿ ಹೋದಳು.

ಅಲ್ಲಿಂದ ಸಾಹೇಬರಿಗೆ ಫೋನು ಮಾಡಿದೆ. ‘ಲಾರಿಗೆ ಏರಿಸ್ತಾ ಇದೀವಿ ಅಜ್ಜಾರೇ, ಮಜಾಕ್ ಆಮ್ಯಾಲೆ’ ಎಂದು ಇಟ್ಟರು. ಪ್ರೊಫೆಸರರನ್ನು ಹುಡುಕಿಕೊಂಡು ಕಾಲೇಜಿಗೆ ಹೋದರೆ ಅವರು ಬರುವವರನ್ನು ಕರೆತರಲು ಬೆಂಗಳೂರಿಗೆ ಹೋಗಿದ್ದರು. ಮಗನಿಗೆ ಫೋನಿನಲ್ಲಿ ಹೇಳಿದೆ, ಸಂತೆಯ ಗದ್ದಲದಲ್ಲಿ ‘ಏನಪ್ಪಾ? ಆಮ್ಯಾಲೆ ಮಾಡ್ತೀನಿ’ ಎಂದ. ಐವತ್ತು ವರ್ಷ ಊರಿಗೆ ಊರನ್ನೇ ನಂಬಿಸಿದವನು ನಾನು. ಒಂದೇ ಒಂದು ನಿಜ ಇತ್ತು ಕೈಯಲ್ಲಿ, ಅದನ್ನು ತಗೊಳ್ಳುವವರಿಲ್ಲ. ಆ ಹಗಲು ಹೇಗೆ ಮುಗಿಯಿತೋ ಗೊತ್ತಿಲ್ಲ. ಸೊಸೆ ಅಂಗಳದಲ್ಲಿ ನಾಳೆಗೆಂದು ಅಕ್ಕಿ ಕೇರುತ್ತಿದ್ದಳು. ಮೊರ ಮೇಲೆ ಹೋದಾಗಲೆಲ್ಲ ನಾನು ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸುತ್ತಿದ್ದೆ.

ಮರುದಿನ ಹತ್ತು ಗಂಟೆಗೆ ನಮ್ಮ ಸಾಲಿನಲ್ಲಿ ಶಾಮಿಯಾನ, ಕುರ್ಚಿ, ಬಂದವರಿಗೆ ಖಾರಮಂಡಕ್ಕಿ ಮಿರ್ಚಿ. ಒಲೆಗೆ ಅರಿಸಿನ ಕುಂಕುಮ ಹಚ್ಚಿ ಬೆಂಕಿ ಹಾಕಿದರು. ಫ್ಯಾನು ಊದಲು ಶುರು ಮಾಡಿತು. ಕೊಳವೆಯಿಂದ ಹೊಗೆಯೇ ಕಾಣದಿದ್ದಾಗ ಇಡೀ ಸಾಲು ಚಪ್ಪಾಳೆ ತಟ್ಟಿತು. ಡಬ್ಬಿಯ ಅಂಕಿ ನೂರು ದಾಟಿತು, ನೂರೈವತ್ತು, ಇನ್ನೂರು. ಸೊಸೆ ಹೊಸ ಸೀರೆಯುಟ್ಟು, ಮೊರ ಹಿಡಿದು ಮುಂದೆ ಬಂದಳು.

ನಾನು ಹೋಗಿ ಅವಳಿಗೂ ಪೀಪಾಯಿಯ ಬಾಯಿಗೂ ನಡುವೆ ನಿಂತೆ.

‘ಮಾವಾ, ಸರೀರಿ.’

‘ಸರಿಯಲ್ಲ.’

‘ಏನ್ ಅಜ್ಜಾರೇ, ನೀವೇ ಅಂದಿದ್ರಲ್ಲ, ಮನಿ ಹೆಣ್ಮಗಳ ಕೈಯಾಗೇ ಆಗ್ಬೇಕು ಅಂತ?’ ಎಂದ ಪಕ್ಕದ ಭಟ್ಟಿಯವನು. ‘ಎಲ್ಲಿ ತನ್ನ ಹೆಸರು ಹೋಗುತ್ತೋ ಅಂತ ಮುದುಕಪ್ಪ ಅಡ್ಡ ನಿಂತಾನೆ’ ಎಂದಳು ಹಿಂದಿನಿಂದ ಯಾರೋ. ಬೆಂಗಳೂರಿನಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಹತ್ತಿರ ಬಂದು ಅಳುವ ದನಿಯಲ್ಲಿ, ‘ಅಜ್ಜಾರೇ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತು ಆಟ ಬ್ಯಾಡ’ ಎಂದಳು.

‘ಒಂದು ಹಿಡಿ ಎಸೀತೀನವ್ವಾ. ಒಂದೇ ಹಿಡಿ. ನೀನು ಆ ಅಂಕಿ ನೋಡ್ತಿರು, ನಾನು ಎಣಿಸ್ತೀನಿ. ಬಾಯಿಬಿಟ್ಟು ಎಣಿಸ್ತೀನಿ.’

ಐವತ್ತು ವರ್ಷದಲ್ಲಿ ಹೊರಗಿನವರ ಮುಂದೆ ನಾವು ಯಾರೂ ಬಾಯಿಬಿಟ್ಟು ಎಣಿಸಿದವರಲ್ಲ. ಹದವನ್ನು ಸಾಲಿನ ಆಚೆ ಹೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಪಕ್ಕದ ಭಟ್ಟಿಯವನು ‘ಏ, ಏ’ ಎಂದ. ನಾನು ಸೊಸೆಯ ಮೊರದಿಂದ ಹಿಡಿ ಅಕ್ಕಿ ತೆಗೆದು ಒಳಗೆಸೆದೆ. ‘ಒಂದು. ಎರಡು. ಮೂರು.’ ಮಲ್ಲಿಗೆ ಬಿರಿದಂತೆ ಅರಳಿತು. ಹುಟ್ಟಿನಿಂದ ಅಷ್ಟು ಚಂದದ ಹದ ನಾನು ನೋಡಿರಲಿಲ್ಲ.

‘ಎಷ್ಟೈತವ್ವಾ?’

‘ಇನ್ನೂರೈವತ್ತೈದು’ ಎಂದಳು ಮೇಡಂ. ದನಿ ಸಣ್ಣಗಾಗಿತ್ತು.

ಫ್ಯಾನು ಊದುತ್ತಲೇ ಇತ್ತು. ‘ಇನ್ನೂ ನೂರರ ಹತ್ರ ಬಾಕಿ ಐತಲ್ಲ’ ಎಂದರು ಸಾಹೇಬರು, ಯಾರಿಗೂ ಅಲ್ಲದಂತೆ.

ಎರಡನೆಯ ಹಿಡಿ. ‘ಒಂದು. ಎರಡು.’ ಅರಳಿತು, ಅಂಚು ಕಂದಿತ್ತು. ಅಂಕಿ ಇನ್ನೂರೆಂಬತ್ತು ದಾಟಿತ್ತು. ನನ್ನ ಬೆನ್ನ ಹಿಂದೆ ಸೊಸೆಯ ಉಸಿರಾಟ ಕೇಳಿಸುತ್ತಿತ್ತು, ಅವಳಿನ್ನೂ ಅಲ್ಲೇ ನಿಂತಿದ್ದಳು. ‘ಹಿಂದಕ್ಕೆ ಹೋಗೇ!’ ಎಂದು ಅರಚಿದೆ. ಮೂವತ್ತು ವರ್ಷದಲ್ಲಿ ನಾನು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅವಳ ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು.

ಮೂರನೆಯ ಹಿಡಿ ಎಸೆಯಲು ನನಗೆ ಮನಸ್ಸಿರಲಿಲ್ಲ. ಆದರೆ ಎರಡಕ್ಕೆ ನಿಲ್ಲಿಸಿದರೆ ಇದೂ ಒಂದು ಆಟ ಎಂದು ನನ್ನನ್ನು ಹಿಡಿದೆಳೆದು ಕೂರಿಸುತ್ತಾರೆ, ಅವಳನ್ನು ತಂದು ಇಲ್ಲಿ ನಿಲ್ಲಿಸುತ್ತಾರೆ. ಅಂಕಿ ಮುನ್ನೂರೈವತ್ತರ ಹತ್ತಿರ ಬಂದಾಗ ಸೊಸೆಯ ಮೊರಕ್ಕೆ ಕೈಚಾಚಿ ಅಕ್ಕಿ ತೌಡು ಸೇರಿಸಿ ಹಿಡಿ ತುಂಬಿ, ಮುಖ ಒಂದು ಕಡೆ ತಿರುಗಿಸಿ ಎಸೆದೆ. ‘ಒಂ’ ಎನ್ನುವುದರೊಳಗೆ ಭುಗ್ ಎಂದಿತು. ಎಪ್ಪತ್ತೆರಡು ವರ್ಷದ ಮುದುಕ ಹಿಂದಕ್ಕೆ ಹಾರಿದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಮೊಳದುದ್ದದ ಬೆಂಕಿಯ ನಾಲಿಗೆ ಪೀಪಾಯಿಯ ಬಾಯಿಯಿಂದ ಹೊರಬಂದು, ನಿಂತು, ಒಳಗೆ ಹೋಯಿತು. ಒಂದು ಹಿಡಿಗೆ ಅಷ್ಟು. ಸೊಸೆಯ ಮೊರದಲ್ಲಿ ಅಂಥ ನೂರು ಹಿಡಿ ಅಕ್ಕಿಯಿತ್ತು.

ಫ್ಯಾನಿನ ಸ್ವಿಚ್ಚು ಒತ್ತಿದ್ದು ಮೇಡಂ. ಯಾರನ್ನೂ ಕೇಳಲಿಲ್ಲ. ನನ್ನ ಮೀಸೆ ಎಡಗಡೆ ಇರಲಿಲ್ಲ. ಸುಟ್ಟ ಕೂದಲಿನ ವಾಸನೆ ನನಗೇ ಬರುತ್ತಿತ್ತು.

ಕುರ್ಚಿಯಲ್ಲಿ ಕೂತವರ ಕಡೆ ತಿರುಗಿ ಹೇಳಿದೆ: ‘ಈ ಹುಡುಗಿ ಅಳೆದಿದ್ದು ಸರಿ ಐತೆ. ಸಾಹೇಬ್ರು ಮಾಡಿದ್ದೂ ಸರಿ ಐತೆ. ನಂಬರ್ ಮಾತ್ರ ಸುಳ್ಳು. ಅದು ನಂದು. ನಾನೇ ಕಡ್ಡಿನ ತಳಕ್ಕೆ ಒತ್ತಿದ್ದೆ, ದೊಡ್ಡಸ್ತಿಕೆಗೆ.’ ಇಷ್ಟು ಹೇಳಿ ಕೂತುಬಿಟ್ಟೆ, ನೆಲದ ಮೇಲೇ.

ಬಂದವರಲ್ಲಿ ಒಬ್ಬ ಹೆಂಗಸು ಪುಸ್ತಕ ತೆಗೆದುಕೊಂಡು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡೆ. ‘ಮೂರು ಎಂದರೆ ಎಷ್ಟು ಹೊತ್ತು? ಇನ್ನೊಮ್ಮೆ ಎಣಿಸಿ ತೋರಿಸುತ್ತೀರಾ?’ ಎಂದಳು. ನಾನು ಸುಟ್ಟ ಮೀಸೆ ಮುಟ್ಟಿಕೊಂಡೆ, ಎಣಿಸಲಾಗಲಿಲ್ಲ. ಅವರು ಒಲೆಯನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಸರಿಯಾಗಿ ಅಳೆದು ಮತ್ತೆ ಕರೆಯಿರಿ ಎಂದು ಹೋದರು.

ಮೇಡಂ ಆ ದಿನ ನನ್ನ ಮುಖ ನೋಡಲಿಲ್ಲ. ಕಾಗದದ ಕಟ್ಟು ಎದೆಗೊತ್ತಿಕೊಂಡು ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದಳು. ವಾರದ ಮೇಲೆ ಬಂದಳು. ಕಡ್ಡಿ ಚುಚ್ಚುವ ಮೊದಲು ಒಂದು ಹಗ್ಗ ತೆಗೆದು, ‘ಕೈ ಹಿಂದಕ್ಕೆ ಮಾಡ್ರಿ’ ಎಂದಳು. ನಗಲಿಲ್ಲ. ಮೂರು ದಿನ ಅಳೆಯುವಾಗಲೂ ನನ್ನ ಕೈ ಕಟ್ಟಿಸಿಯೇ ಕೂರಿಸಿದಳು. ಬರೀ ಎಣಿಸುವ ಕೆಲಸ ನನಗೆ. ಅವಳ ಪುಸ್ತಕದಲ್ಲಿ ಅಂಕಿಯ ಪಕ್ಕಕ್ಕೆ ಹೊಸದಾಗಿ ಒಂದು ಗೆರೆ ಎಳೆದು ‘ಅಜ್ಜನ ಎಣಿಕೆ’ ಎಂದು ಬರೆದಿದ್ದಳು. ಎರಡೂ ತಾಳೆಯಾದರೆ ಮಾತ್ರ ಬರೆದದ್ದನ್ನು ಉಳಿಸುತ್ತಿದ್ದಳು, ಇಲ್ಲದಿದ್ದರೆ ಅಡ್ಡಗೆರೆ. ಬೇರೆ ಭಟ್ಟಿಯವರನ್ನೂ ಬಾಯಿಬಿಟ್ಟು ಎಣಿಸಿ ಎಂದು ನಾನೇ ಹೋಗಿ ಕೇಳಿಕೊಂಡೆ. ಹರಿಹರದಲ್ಲಿ ಸಾಹೇಬರು ಪೀಪಾಯಿಯ ಬಾಯಿಗೆ, ಬೆಂಕಿ ಮುಖಕ್ಕೆ ಬರದಂತೆ, ಒಂದು ತಗಡಿನ ರೆಕ್ಕೆ ಸೇರಿಸಿದರು, ಡಬ್ಬಿಯ ಅಂಕಿ ಬದಲಿಸಿದರು. ಮೊದಲ ಅಕ್ಕಿಯನ್ನೂ ಅಲ್ಲೇ ಹಾಕಿ ನೋಡಿ ಎಂದೆ. ‘ನಿಮ್ಮ ಪದ್ಧತಿ?’ ಎಂದರು. ‘ಹಾಕ್ರಿ ಸಾಹೇಬ್ರೇ’ ಎಂದೆ.

ಸೊಸೆ ಮಾತ್ರ ಮಾತು ಬಿಟ್ಟಿದ್ದಳು. ಊಟಕ್ಕೆ ಬಡಿಸುತ್ತಿದ್ದಳು, ಅಷ್ಟೇ. ನನ್ನ ಅರ್ಧ ಮೀಸೆ ನೋಡಿಯೂ ನಗುತ್ತಿರಲಿಲ್ಲ. ಅವಳು ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಒಲೆ ಎರಡನೆಯ ಸಲ ನಮ್ಮ ಸಾಲಿಗೆ ಬಂದ ದಿನ ಶಾಮಿಯಾನ ಇರಲಿಲ್ಲ, ಕುರ್ಚಿ ಇರಲಿಲ್ಲ. ನಾವು ನಾವೇ. ಅಂಕಿ ಇನ್ನೂರೈವತ್ತಕ್ಕೆ ಬಂತು, ಫ್ಯಾನು ತಾನೇ ನಿಂತಿತು. ಸೊಸೆ ಮೊರ ಹಿಡಿದು ಬಾಯಿಯ ಮುಂದೆ ನಿಂತಳು. ನಾನು ಹಿಂದೆ, ಶೆಡ್ಡಿನ ಕಂಬ ಹಿಡಿದುಕೊಂಡಿದ್ದೆ. ಹರಿಹರದಲ್ಲಿ ಹತ್ತು ಸಲ ಅಕ್ಕಿ ಅರಳಿದ್ದನ್ನು ನಾನೇ ನೋಡಿದ್ದೆ. ಮೇಡಂ ಕಡೆ ನೋಡಿದೆ, ಅವಳು ತಲೆಯಾಡಿಸಿದಳು. ಆದರೂ ಹರಿಹರದ ಆ ದಿನದ ಭಯ ಹೋಗಿರಲಿಲ್ಲ, ಕಂಬ ಬಿಡಲಿಲ್ಲ.

ಸೊಸೆ ಹಿಂದಿರುಗಿ ನೋಡದೆ ಹೇಳಿದಳು. ‘ಮಾವಾ, ಎಣಿಸ್ರಿ.’

‘ಡಬ್ಬಿ ತೋರಿಸ್ತೈತಲ್ಲವ್ವಾ, ಹದ ಬಂದೈತೆ.’

‘ಡಬ್ಬಿ ಇರ್ಲಿ. ನೀವು ಎಣಿಸ್ರಿ. ಎಣಿಸಿದ್ರೆ ಸುರೀತೀನಿ.’

ಹಿಡಿ ಅಕ್ಕಿಯನ್ನು ಅವಳೇ ಒಳಗೆಸೆದಳು. ‘ಒಂದು’ ಎಂದೆ. ‘ಎರಡು’ ಎಂದೆ. ಮೂರು ಎನ್ನಲಾಗಲಿಲ್ಲ. ಅಕ್ಕಿ ನನಗಾಗಿ ಕಾಯಲಿಲ್ಲ. ಸರಿಯಾಗಿ ಮೂರಕ್ಕೆ ಅರಳಿತು. ಸೊಸೆ ಮೊರ ಎತ್ತಿ ಪೂರ್ತಿ ಸುರಿದಳು. ನಾನು ಕಣ್ಣು ಮುಚ್ಚಿಕೊಂಡೆ.